ಹರಳೆಣ್ಣೆ ಕುಡಿದ ಬೆಡ್‌ಫರ್ಡ್

ವಯನಾಡಿನ ಮಾನಂದವಾಡಿಯ ದಿನಸಿ ವ್ಯಾಪಾರಿ ಶಿವನಂಜಪ್ಪನವರು ಮನುಷ್ಯರನ್ನು ಅಳೆಯುವುದರಲ್ಲಿ ಎಂದೂ ತಪ್ಪಿದವರಲ್ಲ. ಈ ಮಾತನ್ನು ಬೇರೆಯವರು ಹೇಳುವ ಅಗತ್ಯ ಬೀಳದಂತೆ ಅವರೇ ಆಗಾಗ ಹೇಳಿಕೊಳ್ಳುತ್ತಿದ್ದರು. ಮೆಟ್ಟಿಲು ಹತ್ತುವ ಗಿರಾಕಿಯ ಕಾಲು ನೋಡಿದರೇ ಸಾಕು, ಬೆಲ್ಲ ಕೊಳ್ಳುವವನೋ ಬೆಲೆ ಕೇಳಿ ಹೋಗುವವನೋ ಅವರಿಗೆ ತಿಳಿಯುತ್ತಿತ್ತಂತೆ. ಹಾಗಾಗಿ, ಸರಗೂರು ಕಡೆಯಿಂದ ಬಾವಲಿ ಕಾಡು ದಾಟಿ ಹೆಂಡತಿಯೊಂದಿಗೆ ನಡೆದೇ ಬಂದ ನಿಂಗಯ್ಯ ಮೊದಲ ಸಲ ಅಂಗಡಿ ಮುಂದೆ ನಿಂತಾಗ ಅವರು ನೋಡಿದ್ದು ಅವನ ಕಾಲನ್ನು. ಕಾಲಲ್ಲಿ ಮಿಲಿಟರಿ ಬೂಟು ಇತ್ತು. ಅದರ ಮೇಲೆ ಖಾಕಿ ಚಡ್ಡಿ. ಕಾಡಿನ ದಾರಿಯಲ್ಲಿ ಬಂದರೂ ಚಡ್ಡಿಯ ಇಸ್ತ್ರಿ ಗೆರೆ ಮಾಸಿರಲಿಲ್ಲ.

"ಮಿಲಿಟ್ರೀಲಿ ಇದ್ದೆಯೇನಯ್ಯ?" ಎಂದು ಕೇಳಿದರು.

"ಇದ್ದೆ. ಲಾರೀಲಿ," ಎಂದ ನಿಂಗಯ್ಯ.

"ಎಷ್ಟು ಕಾಲ?"

"ಯುದ್ಧ ಮುಗಿಯೋಗಂಟ."

ಶಿವನಂಜಪ್ಪನವರಿಗೆ ಅಷ್ಟೇ ಸಾಕಾಯಿತು. ಲಾರಿಯಲ್ಲಿದ್ದವನು ಡ್ರೈವರ್ ಆಗಿರಲೇಬೇಕು. ಯುದ್ಧದಲ್ಲಿ ಡ್ರೈವರಾಗಿ ಜೀವಂತ ಮರಳಿದವನು ಮೆಕ್ಯಾನಿಕ್ಕೂ ಆಗಿರಬೇಕು. ಚಡ್ಡಿಗೆ ಇಸ್ತ್ರಿ ಇರುವುದರಿಂದ ಇಂಜಿನಿಯರೇ ಇದ್ದರೂ ಇರಬಹುದು. ಮಧ್ಯಾಹ್ನದ ಹೊತ್ತಿಗೆ ಅವರು ಪೇಟೆಯಲ್ಲಿ, "ನಮ್ಮ ಗೋದಾಮಿಗೆ ಒಬ್ಬ ಮಿಲಿಟರಿ ಇಂಜಿನಿಯರನ್ನ ಇಟ್ಕೊಂಡಿದ್ದೀನಿ" ಎಂದು ಹೇಳಿಯೂ ಆಗಿತ್ತು. ನಿಂಗಯ್ಯ ಗೋದಾಮಿನ ಹಿಂದಿನ ಮಾಡಿನಲ್ಲಿ ಗಂಟು ಬಿಚ್ಚಿದ. ಅವನಿಗೆ ಈ ಪದವಿಯ ಸುದ್ದಿ ತಲುಪಿರಲಿಲ್ಲ.

ಇಷ್ಟು ಆತುರಕ್ಕೆ ಕಾರಣವಿತ್ತು. ಗೋದಾಮಿನ ಹಿತ್ತಿಲಲ್ಲಿ ಒಂದು ಲಾರಿ ಸತ್ತು ನಿಂತಿತ್ತು.

ಆಗ ವಯನಾಡಿಗೆ ಜನ ಬರುತ್ತಿದ್ದ ಕಾಲ. ತಿರುವಿತಾಂಕೂರಿನ ಕಡೆಯವರು ಮರಗೆಣಸಿನ ಕಡ್ಡಿಗಳ ಕಟ್ಟು ಹೊತ್ತು ಘಟ್ಟ ಹತ್ತುತ್ತಿದ್ದರು. ಎಚ್.ಡಿ. ಕೋಟೆ, ಸರಗೂರು, ಗುಂಡ್ಲುಪೇಟೆ ಕಡೆಯವರು ರಾಗಿಚೀಲ ಹೊತ್ತು ಕಾಡು ದಾಟುತ್ತಿದ್ದರು. ಭೂಮಿ ಇತ್ತು, ನೀರಿತ್ತು, ಬೆಳೆದದ್ದನ್ನು ಸಾಗಿಸಲು ಮಾತ್ರ ಎತ್ತಿನ ಗಾಡಿ ಬಿಟ್ಟರೆ ಏನೂ ಇರಲಿಲ್ಲ. ಬ್ರಿಟಿಷರು ಎರಡನೇ ಮಹಾಯುದ್ಧಕ್ಕೆಂದು ತಂದ ಲಾರಿಗಳನ್ನು ಬಿಟ್ಟುಹೋಗಿದ್ದರು. ಸರ್ಕಾರದವರು ಅವುಗಳನ್ನು ಹರಾಜು ಹಾಕುತ್ತಿದ್ದರು. ಶಿವನಂಜಪ್ಪನವರು ಬೆಂಗಳೂರಿನವರೆಗೆ ಹೋಗಿ ಒಂದನ್ನು ಹಿಡಿದು ತಂದರು.

ಹರಾಜಿನ ದಲ್ಲಾಳಿ ಅವರ ಕಾಲನ್ನು ನೋಡಿ ಅಳೆದಿರಬೇಕು. "ಇದು ಸಾಮಾನ್ಯ ಲಾರಿ ಅಲ್ಲ ಸ್ವಾಮಿ, ಒಬ್ಬ ಜನರಲ್ ಸಾಹೇಬರು ಓಡಾಡಿದ ಲಾರಿ" ಎಂದಿದ್ದ. ಸಾಕ್ಷಿಗೆ ಕ್ಯಾಬಿನ ಮಾಡಿನಲ್ಲಿದ್ದ ದುಂಡನೆಯ ತೂತನ್ನು ತೋರಿಸಿದ್ದ. ಎಡಗಡೆ ಸೀಟಿನ ಮೇಲೆ ನಿಂತರೆ ಒಬ್ಬ ಮನುಷ್ಯನ ತಲೆ ಮತ್ತು ಎದೆ ಅದರಿಂದ ಹೊರಗೆ ಬರುತ್ತಿತ್ತು. ಮುಚ್ಚಲು ಮುಚ್ಚಳವೂ ಇತ್ತು. ಜನರಲ್ಲು ಅಲ್ಲಿ ನಿಂತು ದುರ್ಬೀನು ಹಿಡಿದು ಸೈನ್ಯ ನಡೆಸಿದ್ದನಂತೆ. ಎರಡು ಸೀಟುಗಳ ನಡುವೆ ಇಂಜಿನ್ನಿನ ಮೇಲಿದ್ದ ತಗಡಿನ ಮುಚ್ಚಳದಲ್ಲಿ ಬಳೆಯಾಕಾರದ ಒಂದು ಕರಿ ಗುರುತಿತ್ತು. ಅದು ಜನರಲ್ಲನ ಟೀ ತಟ್ಟೆಯ ಗುರುತು ಎಂಬುದನ್ನು ಶಿವನಂಜಪ್ಪನವರು ಯಾರೂ ಹೇಳದೆ ತಾವೇ ಕಂಡುಹಿಡಿದರು.

ಜನರಲ್ಲನ ಲಾರಿ ಬಾವಲಿಯವರೆಗೆ ಗಂಭೀರವಾಗಿ ಬಂದು ಅಲ್ಲಿ ಉಸಿರು ಬಿಟ್ಟಿತು. ಅಲ್ಲಿಂದ ಮಾನಂದವಾಡಿಗೆ ಅದನ್ನು ಎಳೆದು ತಂದದ್ದು ಎತ್ತುಗಳು. ಆ ಎತ್ತುಗಳ ಗಾಡಿಯವರಿಗೆ ಶಿವನಂಜಪ್ಪನವರು ದಾರಿಯುದ್ದಕ್ಕೂ, ಇನ್ನು ಮುಂದೆ ಎತ್ತಿನ ಗಾಡಿಯ ಕಾಲ ಮುಗಿಯಿತು ಎಂದು ತಿಳಿಹೇಳುತ್ತಾ ಬಂದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ತೊಂದರೆ ಇರಲಿಲ್ಲ. ಅವರು ವೆಳ್ಳಮುಂಡಕ್ಕೂ ಹೋಗಿ, ಅಲ್ಲಿ ಗದ್ದೆ ಮಾಡಿದ್ದ ಕನ್ನಡದ ಮನೆಯವರನ್ನೆಲ್ಲ ಸೇರಿಸಿ ಮಾತು ಕೊಟ್ಟರು. ಈ ಸಲದ ಭತ್ತ ಪನಮರಂ ಪೇಟೆಗೆ ಗಾಡಿಯಲ್ಲಿ ಹೋಗುವುದಿಲ್ಲ. ತಮ್ಮ ಲಾರಿಯೇ ಕಣದ ಬಾಗಿಲಿಗೆ ಬರುತ್ತದೆ. ರೈತರು ನಂಬಿ ಗಾಡಿಯವರಿಗೆ ಬೇಡ ಎಂದುಬಿಟ್ಟರು. ಗಾಡಿಯವರು ಕೊಡಗಿನ ಕಾಫಿ ಸಾಗಿಸಲು ಹೊರಟುಹೋದರು. ಈಗ ಕೊಯ್ಲು ಮುಗಿದಿತ್ತು. ಬಡಿದ ಭತ್ತ ಕಣದಲ್ಲಿ ರಾಶಿಯಾಗಿ ಬಿದ್ದಿತ್ತು. ಮೋಡ ಆಗಾಗ ಇಣುಕುತ್ತಿತ್ತು. ಆನೆಗಳಿಗೆ ಮೋಡಕ್ಕಿಂತ ಮೊದಲೇ ಸುದ್ದಿ ಮುಟ್ಟಿತ್ತು.

ವೆಳ್ಳಮುಂಡದ ಚೆಲುವರಾಜು ವಾರಕ್ಕೊಮ್ಮೆ ಬಂದು ಅಂಗಡಿಯ ಜಗಲಿಯಲ್ಲಿ ಕೂರತೊಡಗಿದ. ಜಗಳವಾಡುತ್ತಿರಲಿಲ್ಲ. ಬರೀ ಕೂರುತ್ತಿದ್ದ. ಶಿವನಂಜಪ್ಪನವರಿಗೆ ಜಗಳವೇ ವಾಸಿ ಎನಿಸುತ್ತಿತ್ತು.

"ಲಾರಿ ಏನಂತು ಸಾವ್ಕಾರ್ರೆ?"

"ಇಂಜಿನಿಯರ್ ನೋಡ್ತಾ ಅವನೆ."

"ನೋಡ್ಲಿ ಬುಡಿ. ಆನೇನೂ ನೋಡ್ತಾ ಅವೆ."

ನಿಂಗಯ್ಯ ಲಾರಿಯನ್ನು ಮೊದಲ ಸಲ ನೋಡಿದ ರೀತಿಯೇ ಶಿವನಂಜಪ್ಪನವರಿಗೆ ವಿಚಿತ್ರವಾಗಿ ಕಂಡಿತ್ತು. ಇಂಜಿನ್ನು ನೋಡುವುದು ಬಿಟ್ಟು ಹಿಂದುಗಡೆ ಹೋಗಿ, ಸಾಮಾನು ತುಂಬುವ ಹಲಗೆಗೆ ಎದೆ ಒತ್ತಿ ನಿಂತ. ನೆಲದ ಹಲಗೆಗಳ ಸಂದಿಗೆ ಬೆರಳು ಹಾಕಿ ಮೂಸಿದ. ಸೌಟಿನ ಅಂಚಿನಿಂದ ಬಣ್ಣ ಕೆರೆದ. ಹಸಿರಿನ ಕೆಳಗೆ ಮರಳಿನ ಬಣ್ಣ, ಅದರ ಕೆಳಗೆ ಮತ್ತೆ ಹಸಿರು. ಕ್ಯಾಬಿನೊಳಗೆ ಹತ್ತಿ ಮುಚ್ಚಳದ ಮೇಲಿನ ಕರಿ ಬಳೆಯನ್ನು ಕಂಡವನು ಅದರ ಸುತ್ತ ಬೆರಳಾಡಿಸಿದ. ಆಮೇಲೆ ಹೋಗಿ ತನ್ನ ಅಲ್ಯೂಮಿನಿಯಂ ಪಾತ್ರೆ ತಂದು ಆ ಬಳೆಯ ಮೇಲೆ ಇಟ್ಟ. ಅಳತೆ ಸರಿಯಾಗಿ ಕೂತಿತು. ನಿಂಗಯ್ಯನ ಮೀಸೆ ಸ್ವಲ್ಪ ಅಗಲವಾಯಿತು. ಶಿವನಂಜಪ್ಪನವರು ಅದನ್ನು ಜನರಲ್ಲನಿಗೆ ಸಲ್ಲಿಸಿದ ಗೌರವವೆಂದು ತಿಳಿದರು.

"ಬೆಡ್‌ಫರ್ಡ್," ಎಂದ ನಿಂಗಯ್ಯ, ಕೆಳಗಿಳಿದು.

"ಫೋರ್ಡು," ಎಂದು ಶಿವನಂಜಪ್ಪನವರು ತಿದ್ದಿದರು. ಸ್ಟೇರಿಂಗಿನ ನಡುವೆ ಹಾಗೆಂದು ಅಕ್ಷರವಿತ್ತು. ಅದನ್ನು ನಂಬಿ ಅವರು ಮೈಸೂರಿನಿಂದ ಒಂದು ಪೆಟ್ಟಿಗೆ ತುಂಬ ಫೋರ್ಡ್ ಲಾರಿಯ ಬಿಡಿಭಾಗಗಳನ್ನು ತರಿಸಿಯೂ ಆಗಿತ್ತು.

"ಸ್ಟೇರಿಂಗ್ ಫೋರ್ಡ್‌ದೇ. ಲಾರಿ ಅಲ್ಲ. ಒಡೆದೋಗಿರ್ತದೆ, ಇನ್ನೊಂದ್ರದ್ದು ತಂದ್ ಸಿಗಸವ್ರೆ. ನಾ ಸತ್ತೋದ್ರೆ ನನ್ ಬೂಟ ನೀವು ಹಾಕ್ಕಂಡ್ರೆ ನೀವು ನಿಂಗಯ್ಯ ಆಗಕಾಯ್ತದಾ?"

ಆ ಹೋಲಿಕೆ ಶಿವನಂಜಪ್ಪನವರಿಗೆ ಹಿಡಿಸಲಿಲ್ಲ. "ಹೆಂಗೆ ಹೇಳ್ತೀಯ ಬೆಡ್‌ಫರ್ಡ್ ಅಂತ?"

"ಹಿಂದ್ಲ ಹಲಗೆ ನನ್ ಎದೆಗ್ ಬತ್ತದೆ. ಫೋರ್ಡ್‌ದು ಇಷ್ಟು ಎತ್ರ ಇರಾಕಿಲ್ಲ, ಅಕ್ಕಿ ಮೂಟೆ ಇಳಸ್ಕಳಾಕೆ ಸಲೀಸು. ಇದು ಕೈ ಮುರೀತದೆ. ಇನ್ನೊಂದು, ನಾಕೂ ಚಕ್ರಕ್ಕೆ ಬಲ ಕೊಡೋ ಗೇರ್ ಹಾಕುದ್ರೆ ಇದು ಅಳ್ತದೆ. ಎಳಗರ ಕಳಕಂಡ ಹಸ ಅತ್ತಂಗೆ. ಅಳದೇ ಹೋದ್ರೆ ನನ್ ಮೀಸೆ ತಗೀರಿ."

ಇಂಜಿನಿಯರ್ ಒಬ್ಬ ಅಕ್ಕಿ ಮೂಟೆ ಇಳಿಸುವ ಮಾತು ಯಾಕೆ ಆಡುತ್ತಾನೆ ಎಂಬ ಸಂಶಯ ಆಗಲೇ ಬರಬೇಕಿತ್ತು. ಮನುಷ್ಯರನ್ನು ಅಳೆಯುವುದರಲ್ಲಿ ಎಂದೂ ತಪ್ಪದವರಿಗೆ ಇಂಥ ಸಂಶಯ ಬೇಗ ಬರುವುದಿಲ್ಲ.

ಸಂಶಯ ತಂದುಕೊಟ್ಟವನು ದಾಮೋದರನ್. ಅವನೂ ಯುದ್ಧಕ್ಕೆ ಹೋಗಿ ಬಂದವನೇ. ಈಗ ಪೇಟೆಯಲ್ಲಿ ಚಾಯದಂಗಡಿ ಇಟ್ಟಿದ್ದ. ಒಂದು ಬೆಳಗ್ಗೆ ಗೋದಾಮಿನ ಹಿತ್ತಿಲಿಗೆ ಬಗ್ಗಿ ನೋಡಿದ. ಇಂಜಿನ್ನಿನ ಅಂಗಾಂಗಗಳೆಲ್ಲ ಗೋಣಿಚೀಲಗಳ ಮೇಲೆ ಹರಡಿದ್ದವು. ನಡುವೆ ನಿಂಗಯ್ಯ ಕೂತು ಒಂದೊಂದನ್ನೇ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ.

ದಾಮೋದರನ್ ಅಂಗಡಿಗೆ ಬಂದು, ಮಲಯಾಳಿಗಳು ಧಣಿಗಳನ್ನು ಕರೆಯುವ ಹಾಗೆ ಕರೆದು ಕೇಳಿದ, "ಮೊದಲಾಳಿ, ಆ ನಿಂಗಯ್ಯ ನಿಮಗೆ ಎಲ್ಲಿ ಸಿಕ್ಕಿದ?"

"ಯಾಕೆ, ನಿನಗೆ ಪರಿಚಯವಾ? ಮಿಲಿಟರಿ ಇಂಜಿನಿಯರ್."

ದಾಮೋದರನ್ ನಗಲಿಲ್ಲ. ನಗು ಬಂದಾಗ ನಗದೆ ಇರುವುದು ಅವನ ಚಟ. "ಅಸ್ಸಾಮಿನಲ್ಲಿ ನಮ್ಮ ಕಂಪನಿಯಲ್ಲೇ ಇದ್ದ. ಅವನ ಕೈಯಿಂದ ನಾನು ಎಷ್ಟೋ ಸಲ ತಿಂದಿದ್ದೇನೆ."

"ಪೆಟ್ಟಾ?"

"ಅನ್ನ. ಅವನು ಕುಕ್ಕು, ಮೊದಲಾಳಿ."

ಶಿವನಂಜಪ್ಪನವರು ಪಂಚೆ ಎತ್ತಿ ಕಟ್ಟಿ ಹಿತ್ತಿಲಿಗೆ ನಡೆದರು. ನಡೆಯುವಾಗ ಅವರ ಕಣ್ಣಿಗೆ ಚೆಲುವರಾಜು, ಭತ್ತದ ರಾಶಿ, ಆನೆ, ಎಲ್ಲ ಒಂದರ ಹಿಂದೊಂದು ಕಂಡವು.

"ನೀನು ಅಡಿಗೆಯವನಂತೆ."

"ಔದು."

"ಯಾಕಯ್ಯ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಮಿಲ್ಟ್ರೀಲಿ ಇದ್ಯಾ ಅಂದ್ರಿ, ಲಾರೀಲಿ ಇದ್ದೆ ಅಂದೆ. ಲಾರೀಲೇ ಇದ್ದೆ. ಅಡಿಗೆ ಲಾರೀಲಿ."

"ಅಡಿಗೆಯವನು ಇಂಜಿನ್ ಯಾಕೆ ಬಿಚ್ಚಿದೆ?"

"ಬಿಚ್ಚು ಅಂದ್ರಿ, ಬಿಚ್ಚಿದೆ. ಕೂಡ್ಸು ಅಂದ್ರೆ ಕೂಡಸ್ತೀನಿ. ಗಾಬ್ರಿ ಆಗ್ಬೇಡಿ ಸಾವ್ಕಾರ್ರೆ, ನನಗ್ ಬತ್ತದೆ."

ನಿಂಗಯ್ಯನ ಕಥೆ ಶಿವನಂಜಪ್ಪನವರಿಗೆ ಪೂರ್ತಿ ತಿಳಿದದ್ದು ಆ ದಿನ, ಒಂದು ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು. ಕಬಿನಿ ದಂಡೆಯ ಹಳ್ಳಿಯವನು. ಮೂರು ಹೊತ್ತು ಊಟ ಹಾಕುತ್ತಾರೆಂದು ಕೇಳಿ ಮೈಸೂರಿಗೆ ಹೋಗಿ ಸೈನ್ಯಕ್ಕೆ ಸೇರಿದ. ಯಾವ ಕೆಲಸ ಬರುತ್ತದೆ ಎಂದು ಸಾಹೇಬ ಕೇಳಿದಾಗ, ಗಂಟಿಲ್ಲದಂತೆ ಮುದ್ದೆ ತಿರುವಲು ಬರುತ್ತದೆ ಎಂದ. ಬಂದೂಕು ಕೊಡಲಿಲ್ಲ, ಸೌಟು ಕೊಟ್ಟರು. ಸೈನ್ಯದ ಸಾಮಾನು ಸಾಗಿಸುವ ದಳವಾದ ಲಾರಿ ಕಂಪನಿಯ ಅಡಿಗೆಯವನಾಗಿ ಅಸ್ಸಾಮಿನ ಕೆಸರಿನಲ್ಲಿ ಅವನು ಹತ್ತದ ಲಾರಿಯಿಲ್ಲ. ಬೆಡ್‌ಫರ್ಡ್, ಫೋರ್ಡ್, ಷೆವರ್ಲೆ, ಮಾರಿಸ್, ಆಸ್ಟಿನ್, ಎಲ್ಲದರ ಹಿಂದೆಯೂ ಒಲೆ ಹೂಡಿದ್ದ. ಬೇರೆ ಯಾವ ಲಾರಿ ಕೆಟ್ಟರೂ ಅದನ್ನು ದಾರಿಯ ಬದಿಗೆ ತಳ್ಳಿ ಮುಂದೆ ಹೋಗುತ್ತಿದ್ದರಂತೆ. ಅಡಿಗೆ ಲಾರಿ ಕೆಟ್ಟರೆ ಮಾತ್ರ ಕಂಪನಿಗೇ ಉಪವಾಸವಾದ್ದರಿಂದ ಇದ್ದಬದ್ದ ಮೆಕ್ಯಾನಿಕ್ಕುಗಳೆಲ್ಲ ಓಡಿ ಬಂದು ಕೈ ಹಾಕುತ್ತಿದ್ದರು. ಹಸಿದ ಮೆಕ್ಯಾನಿಕ್ಕುಗಳು ಕೆಲಸ ಮಾಡುವುದನ್ನು ವರ್ಷಗಟ್ಟಲೆ ನೋಡಿದವನು ನಿಂಗಯ್ಯ. ಕೊನೆಕೊನೆಗೆ ಅವರು ಊಟ ಮಾಡುತ್ತಾ ಕೂತು ಹೇಳುತ್ತಿದ್ದರು, ಅವನು ಬಿಚ್ಚಿ ಕಟ್ಟುತ್ತಿದ್ದ.

"ಅವ್ರು ಕಲಿಸ್ದಂಗೆ ಯಾವ ಸ್ಕೂಲೂ ಕಲ್ಸಾಕಿಲ್ಲ," ಎಂದ ನಿಂಗಯ್ಯ. "ನಾನ್ ಬೇರೆ ಮೆಕ್ಯಾನಿಕ್ಕಿನಂಗಲ್ಲ ಸಾವ್ಕಾರ್ರೆ. ಅವ್ರಿಗಿಂತ ವಾಸಿ. ಅವ್ರಿಗೆ ಅಡಿಗೆ ಬರಾಕಿಲ್ಲ."

ವಿನಯ ಎಂಬುದು ನಿಂಗಯ್ಯನಲ್ಲಿ ಇರಲಿಲ್ಲ. ಕೈ ಚೆನ್ನಾಗಿದ್ದಾಗ ಬಾಯಿ ಯಾಕೆ ಬೇರೆ ಮಾತಾಡಬೇಕು ಎಂಬುದು ಅವನ ಧೋರಣೆ.

ಇಂಜಿನ್ನು ಕೂಡಿಕೊಂಡಿತು. ಹ್ಯಾಂಡಲ್ ಹಾಕಿ ತಿರುಗಿಸಿದ ಮೊದಲ ಸುತ್ತಿಗೇ ಏಳುತ್ತದೆ ಎಂದು ನಿಂಗಯ್ಯ ಎಲ್ಲರ ಮುಂದೆ ಹೇಳಿದ, ಅದು ಏಳಲಿಲ್ಲ. ಸಂಜೆಯವರೆಗೆ ಏಳಲಿಲ್ಲ. ದಾಮೋದರನ್ ಬಂದು ಚಹಾ ಕೊಟ್ಟು, "ಉಪ್ಪು ಕಡಿಮೆ ಆಗಿರಬಹುದು" ಎಂದು ಹೇಳಿ ಹೋದ. ನಿಂಗಯ್ಯ ಅವನ ಕಡೆ ನೋಡಲೂ ಇಲ್ಲ. ಕಾರ್ಬುರೇಟರು ಬಿಚ್ಚಿ, ಅದರ ಸಣ್ಣ ಕಂಡಿಯಿಂದ ಒಂದು ಸತ್ತ ಇರುವೆಯನ್ನು ಸೂಜಿಯಲ್ಲಿ ತೆಗೆದು ಶಿವನಂಜಪ್ಪನವರ ಅಂಗೈಗೆ ಹಾಕಿದ. ಮುಂದಿನ ಸುತ್ತಿಗೆ ಬೆಡ್‌ಫರ್ಡ್ ಕೆಮ್ಮಿ, ಹೊಗೆ ಬಿಟ್ಟು, ಎದ್ದಿತು.

ಆಮೇಲೆ ಅವನು ಮಾಡಿದ್ದೇ ಮುಂದೆ ವಯನಾಡಿನಲ್ಲೆಲ್ಲ ಅವನ ಹೆಸರಿಗೆ ಅಂಟಿಕೊಂಡ ಕೆಲಸ. ಒಂದು ಅಗಲವಾದ ಹಿತ್ತಾಳೆ ತಟ್ಟೆಗೆ ನೀರು ತುಂಬಿ, ಬಣ್ಣ ಕಾಣಲೆಂದು ಚಿಟಿಕೆ ಅರಿಶಿನ ಕದಡಿ, ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟು ಅದನ್ನೇ ನೋಡುತ್ತಾ ಕೂತ. ನೀರಿನ ಮೇಲೆ ಸಣ್ಣ ಅಲೆಗಳು ಒಂದೇ ಸಮ ಎದ್ದರೆ ಇಂಜಿನ್ನು ಸರಿಯಿದೆ; ನಡುನಡುವೆ ಬೆಚ್ಚಿದಂತೆ ಆದರೆ ಆರರಲ್ಲಿ ಯಾವುದೋ ಒಂದು ಸಿಲಿಂಡರು ಕೆಲಸಗಳ್ಳ. ನೀರು ನೋಡಿ ಸ್ಕ್ರೂ ತಿರುಗಿಸಿದ, ಮತ್ತೆ ನೋಡಿದ. ಕೊನೆಗೆ ನೀರು ಕುದಿಯುವ ಮುಂಚಿನ ಸಾರಿನ ಹಾಗೆ ಹದವಾಗಿ ನಡುಗಿತು. ಲಾರಿ ನಾಲ್ಕೂ ಚಕ್ರದ ಗೇರಿನಲ್ಲಿ ಹಿತ್ತಿಲು ಸುತ್ತಿದಾಗ ಎಳಗರ ಕಳೆದುಕೊಂಡ ಹಸುವಿನಂತೆ ಊಳಿಟ್ಟಿತು. ನಿಂಗಯ್ಯನ ಮೀಸೆ ಉಳಿಯಿತು.

ಉಳಿದದ್ದು ಬ್ರೇಕು. ಕಲ್ಲಿಕೋಟೆಯ ಬ್ರೇಕ್ ಇನ್‌ಸ್ಪೆಕ್ಟರು ತಿಂಗಳಿಗೊಮ್ಮೆ ಮಾನಂದವಾಡಿಗೆ ಬಂದು, ಇಳಿಜಾರಿನಲ್ಲಿ ಗಾಡಿ ಓಡಿಸಿ ನೋಡಿ ಪಾಸು ಮಾಡುತ್ತಿದ್ದರು. ಅವರು ಬರುವ ದಿನ ಹತ್ತಿರವಾಗಿತ್ತು. ಈ ಸಲ ತಪ್ಪಿದರೆ ಮತ್ತೆ ಒಂದು ತಿಂಗಳು. ಅಷ್ಟರಲ್ಲಿ ವೆಳ್ಳಮುಂಡದ ಭತ್ತ ಆನೆಯ ಹೊಟ್ಟೆಯಲ್ಲೋ ಮಳೆಯ ನೀರಿನಲ್ಲೋ ಇರುತ್ತಿತ್ತು.

ಇಲ್ಲಿ ಶಿವನಂಜಪ್ಪನವರು ತಾವೂ ಒಂದು ಕೈ ಹಾಕಿದರು. ಬ್ರೇಕಿನ ಡಬ್ಬಿಯಲ್ಲಿ ಎಣ್ಣೆ ಕಡಿಮೆಯಿದೆ ಎಂದು ನಿಂಗಯ್ಯ ಗೊಣಗಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಎಣ್ಣೆಯ ವಿಷಯದಲ್ಲಿ ಜಿಪುಣತನ ಮಾಡಿದರೆಂದು ಯಾರೂ ಅನ್ನಬಾರದು. ನಿಂಗಯ್ಯ ಗದ್ದೆ ಕಡೆ ಹೋಗಿದ್ದಾಗ, ಇಂಜಿನ್ನಿಗೆಂದು ತರಿಸಿದ್ದ ಎಲ್ಲಕ್ಕಿಂತ ಒಳ್ಳೆಯ ಎಣ್ಣೆಯನ್ನು ಧಾರಾಳವಾಗಿ ಆ ಡಬ್ಬಿಗೆ ಸುರಿದು, ಪೆಡಲನ್ನು ಚೆನ್ನಾಗಿ ತುಳಿದು, ಕೈ ಒರೆಸಿಕೊಂಡು ಬಂದರು.

ಎರಡು ದಿನ ಬಿಟ್ಟು ನೋಡಿದರೆ ಲಾರಿ ಅಲುಗಲಿಲ್ಲ. ಹಿಡಿದ ಬ್ರೇಕು ಬಿಡಲೊಲ್ಲದು. ನಿಂಗಯ್ಯ ಚಕ್ರ ಬಿಚ್ಚಿದ. ಎಣ್ಣೆಯ ಒತ್ತಡ ತಡೆದು ಬ್ರೇಕು ಹಿಡಿಸುವ ರಬ್ಬರಿನ ಪುಟ್ಟ ಕಪ್ಪುಗಳು ಒಳಗೆ ನೆನೆಹಾಕಿದ ಅವರೆಕಾಳಿನಂತೆ ಊದಿ ಕೂತಿದ್ದವು. ಒಂದನ್ನು ಕಿತ್ತು ಮೂಸಿದ.

"ಇಂಜಿನ್ ಎಣ್ಣೆ ಯಾರು ಉಯ್ದೋರು?"

"ಒಳ್ಳೇ ಎಣ್ಣೆ," ಎಂದರು ಶಿವನಂಜಪ್ಪನವರು.

"ಎಣ್ಣೆ ಒಳ್ಳೇದೇ. ಉಯ್ದೋರ ತಲೆ ನೋಡ್ಬೇಕಾಗಿತ್ತು. ಇದಕ್ಕೆ ನೆಲದೊಳಗಿಂದ ತಗ್ದ ಎಣ್ಣೆ ಆಗಾಕಿಲ್ಲ, ರಬ್ಬರ್ ಊದ್ಕತದೆ. ಇದ್ರೊಳಗೆ ಇದ್ದುದ್ದು ಹರಳೆಣ್ಣೆ."

"ಲಾರಿಗೆ ಯಾರಾದರೂ ಹರಳೆಣ್ಣೆ ಹಾಕ್ತಾರೇನಯ್ಯ?"

"ಬಿಳೀರೇ ಹಾಕೋರು. ಸ್ಪಿರಿಟ್ ಬೆರೆಸಿ ಡಬ್ಬೀಲಿ ಕಳಸೋರು. ಮೂಗಿದ್ದೋರ್ಗೆ ಗೊತ್ತಾಗದೆ ಇರಾಕಿಲ್ಲ." ನಿಂಗಯ್ಯ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು ಹೇಳಿದ, "ಅಸ್ಸಾಮಲ್ಲಿ ಒಂದೊಂದಿನ ಊರ ನೆಪ್ಪಾಗೋದು. ಆಗ ಬ್ರೇಕಿನ ಡಬ್ಬಿ ಮುಚ್ಚಳ ತಗದು ಮೂಸ್ತಿದ್ದೆ. ನಮ್ಮವ್ವ ತಲೆಗ್ ಎಣ್ಣೆ ತಟ್ದಂಗೆ ಆಗೋದು."

ಹೊಸ ರಬ್ಬರ್ ಕಪ್ಪು ಬೇಕಿತ್ತು. ಮೈಸೂರಿಗೆ ಹೋಗಿ ಬರುವಷ್ಟು ಸಮಯವಿಲ್ಲ. ನಿಂಗಯ್ಯ ಆಗ ಮೂಲೆಯಲ್ಲಿದ್ದ ಫೋರ್ಡ್ ಪೆಟ್ಟಿಗೆಯನ್ನು ಕಾಲಿನಿಂದ ಎಳೆದ. ಅದರೊಳಗಿನ ಬಹಳಷ್ಟು ಸಾಮಾನು ಈ ಲಾರಿಗೆ ಯಾವ ಜನ್ಮದಲ್ಲೂ ಹೊಂದುವುದಲ್ಲ. ಬ್ರೇಕಿನ ಕಪ್ಪುಗಳನ್ನು ಮಾತ್ರ ಒಂದೊಂದಾಗಿ ಹಿಡಿದು ನೋಡಿದ, ಅಳತೆ ಒಂದೇ. ಶಿವನಂಜಪ್ಪನವರ ಮುಖ ಕ್ರಮೇಣ ಅರಳಿತು.

"ಇದಕ್ಕೇ ನಾನು ಮುಂದಾಲೋಚನೆ ಮಾಡಿ ತರಿಸಿದ್ದು," ಎಂದರು. ನಿಂಗಯ್ಯ ಏನೂ ಹೇಳಲಿಲ್ಲ. ಅವರು ಪ್ರಶ್ನೆ ಕೇಳಿರಲಿಲ್ಲವಲ್ಲ.

ಇನ್ನು ಹರಳೆಣ್ಣೆ. ಮಾನಂದವಾಡಿಯ ಅಂಗಡಿಗಳಲ್ಲಿ ತೆಂಗಿನೆಣ್ಣೆ ಎಷ್ಟು ಬೇಕಾದರೂ ಇತ್ತು. ಹರಳೆಣ್ಣೆ ಕೇಳಿದರೆ ಒಂದು ಪುಟ್ಟ ಸೀಸೆ ತೋರಿಸಿ, ಹೊಟ್ಟೆ ಸರಿಯಿಲ್ಲವೇ ಎಂದು ವಿಚಾರಿಸುತ್ತಿದ್ದರು. ಶಿವನಂಜಪ್ಪನವರ ಸ್ವಂತ ಅಂಗಡಿಯಲ್ಲೂ ಇರಲಿಲ್ಲ. ಮಲಯಾಳಿ ಗಿರಾಕಿಗಳು ಅದನ್ನು ತಲೆಗೆ ಹಚ್ಚುವುದಿಲ್ಲವೆಂದು ಅವರೇ ನಿಲ್ಲಿಸಿದ್ದರು. ಆದರೆ ಗಡಿಯಾಚೆಯಿಂದ ಬಂದ ಕನ್ನಡದ ಮನೆಗಳಲ್ಲಿ ರಾಗಿ ಬಿಟ್ಟರೂ ಅದನ್ನು ಬಿಟ್ಟಿರಲಿಲ್ಲ. ಊರಿಗೆ ಹೋದವರೆಲ್ಲ ಒಂದೊಂದು ಕುಡಿಕೆ ಹರಳೆಣ್ಣೆ ಹೊತ್ತು ತರುತ್ತಿದ್ದರು. ಶನಿವಾರದ ತಲೆಸ್ನಾನಕ್ಕೆ ಅದೇ ಆಗಬೇಕು.

ನಿಂಗಯ್ಯನ ಹೆಂಡತಿ ಸಣ್ಣಮ್ಮ ತನ್ನ ಕುಡಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು.

"ನನ್ ತಲೆಗೆ ಎಣ್ಣೆ ಕಂಡು ತಿಂಗಳಾಯ್ತು. ಲಾರಿಗೆ ಎಣ್ಣೆನೀರು ಹಾಕಸ್ತೀರಾ?"

"ಕೊಡಮ್ಮೀ. ಭತ್ತ ಪನಮರಂ ಸೇರ್ಲಿ, ಊರಿಂದ ದೊಡ್ ಡಬ್ಬೀನೇ ತಂದ್ಕೊಡ್ತೀನಿ."

"ನೀವಾ?"

"ಸಾವ್ಕಾರ್ರು ಕೊಡುಸ್ತಾರೆ," ಎಂದ ನಿಂಗಯ್ಯ. ಪಕ್ಕದಲ್ಲೇ ಇದ್ದ ಶಿವನಂಜಪ್ಪನವರು ಇಲ್ಲ ಎನ್ನಲಾಗದೆ ತಲೆಯಾಡಿಸಿದರು. ಸಣ್ಣಮ್ಮ ಕುಡಿಕೆ ಕೊಟ್ಟಳು. ಅದು ಒಂದು ಚಕ್ರಕ್ಕೂ ಸಾಲದು.

ಸುದ್ದಿ ವೆಳ್ಳಮುಂಡಕ್ಕೆ ಹೋಯಿತು. ಮಾರನೆಯ ದಿನ ಚೆಲುವರಾಜು ಎಂದಿನಂತೆ ಜಗಲಿಗೆ ಬಂದ. ಈ ಸಲ ಕೂರಲಿಲ್ಲ. ಹೆಗಲ ಮೇಲಿನ ಕಾವಡಿ ಇಳಿಸಿದ. ಎರಡೂ ಬುಟ್ಟಿಗಳ ತುಂಬ ಕುಡಿಕೆ, ಸೀಸೆ, ಸೋರೆಬುರುಡೆ. ಯಾವ ಮನೆಯ ಹೆಂಗಸರೂ ಇಲ್ಲ ಎಂದಿರಲಿಲ್ಲ. ಅವರ ವರ್ಷದ ಅನ್ನ ಕಣದಲ್ಲಿ ಬಯಲಿಗೆ ಬಿದ್ದಿತ್ತು.

"ಎಲ್ರ ಮನೇದೂ ಅದೆ ಸಾವ್ಕಾರ್ರೆ," ಎಂದ ಚೆಲುವರಾಜು. "ಇನ್ನೊಂದ್ ತಿಂಗಳು ನಮ್ ಹೆಂಗಸ್ರ ತಲೆ ಕಾಡುಹಂದಿ ಬೆನ್ನಂಗೆ ಇರ್ತದೆ. ಲಾರಿ ನಿಲ್ಲಬೇಕು ಅಷ್ಟೇಯ."

"ಓಡಬೇಕು ಅನ್ನು."

"ಓಡೋದು ನೋಡಿವ್ನಿ. ನಿಲ್ಲೋದು ನೋಡ್ಬೇಕು."

ಬಡಗಿಯ ಹತ್ತಿರ ಮರಕ್ಕೆ ಪಾಲಿಶ್ ಹಾಕುವ ಸ್ಪಿರಿಟ್ ಸಿಕ್ಕಿತು. ನಿಂಗಯ್ಯ ಮೊದಲು ಕೊಳವೆಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದು, ಹಳೆಯ ಎಣ್ಣೆಯ ಪಸೆ ಉಳಿಯದಂತೆ ನೋಡಿಕೊಂಡ. ಹರಳೆಣ್ಣೆಯನ್ನು ಪಂಚೆಯ ಬಟ್ಟೆಯಲ್ಲಿ ಸೋಸಿ, ಸ್ಪಿರಿಟ್ಟು ಬೆರೆಸಿ, ಸಾರಿನ ಉಪ್ಪು ನೋಡುವವನಂತೆ ಬೆರಳ ತುದಿಯಲ್ಲಿ ಉಜ್ಜಿ ಹದ ನೋಡಿದ. ವೆಳ್ಳಮುಂಡದ ತಲೆಗಳಿಗೆ ಸೇರಬೇಕಾಗಿದ್ದ ಎಣ್ಣೆಯನ್ನೆಲ್ಲ ಬೆಡ್‌ಫರ್ಡ್ ಕುಡಿಯಿತು. ಭಾಸ್ಕರನ್ ಎಂಬ ಲೈಸೆನ್ಸುಳ್ಳ ಡ್ರೈವರು ಪೆಡಲ್ ತುಳಿದ, ಚಕ್ರ ಹಿಡಿಯಿತು. ಬಿಟ್ಟ, ಬಿಟ್ಟಿತು.

ನಾಲ್ಕೂ ಚಕ್ರ ಒಂದೇ ಸಮ ಹಿಡಿಯಬೇಕು. ಒಂದು ಮೊದಲು ಹಿಡಿದರೆ ಇಳಿಜಾರಿನಲ್ಲಿ ಲಾರಿ ಆ ಕಡೆಗೆ ತಿರುಗಿ ಗದ್ದೆಗೆ ಇಳಿಯುತ್ತದೆ. ಅದಕ್ಕೂ ನಿಂಗಯ್ಯನ ಹತ್ತಿರ ಇದ್ದದ್ದು ಅದೇ ಹಿತ್ತಾಳೆ ತಟ್ಟೆ. ಭಾಸ್ಕರನ್ ಬ್ರೇಕು ಹಾಕಿದಾಗ ಅರಿಶಿನದ ನೀರು ನೇರ ಮುಂದಕ್ಕೆ ಬಾಗದೆ ಪಕ್ಕಕ್ಕೆ ಸರಿದರೆ, ಇಳಿದು, ಆಯಾ ಚಕ್ರವನ್ನು ಸಡಿಲಿಸುವುದೋ ಬಿಗಿ ಮಾಡುವುದೋ ಮಾಡುತ್ತಿದ್ದ. ಭಾಸ್ಕರನ್ ಉಟ್ಟಿದ್ದ ಬಿಳಿ ಮುಂಡು ಅರ್ಧ ದಿನದಲ್ಲಿ ಮದುಮಗನ ಮುಂಡಿನಂತೆ ಹಳದಿಯಾಯಿತು. ಅರ್ಧ ದಿನದ ಮೇಲೆ ಇನ್ನಷ್ಟು ಹಳದಿಯಾಗಲಿಲ್ಲ.

ಇನ್‌ಸ್ಪೆಕ್ಟರು ಬಂದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟಿದ್ದರು. ಶಿವನಂಜಪ್ಪನವರು ಜನರಲ್ಲನ ಲಾರಿಯ ಇತಿಹಾಸವನ್ನು ಮಲಯಾಳಂನಲ್ಲಿ ವಿವರಿಸಲು ಸಿದ್ಧರಾಗಿ ನಿಂತಿದ್ದರು. ಇನ್‌ಸ್ಪೆಕ್ಟರು ಇತಿಹಾಸ ಕೇಳದೆ ಕ್ಯಾಬಿಗೆ ಹತ್ತಿದರು. ತಮ್ಮ ಮತ್ತು ಡ್ರೈವರಿನ ನಡುವೆ ಹಳದಿ ನೀರಿನ ತಟ್ಟೆ ಕಂಡು ಹುಬ್ಬೇರಿಸಿದರು.

"ಇದು ಯಾಕೆ?"

"ನಿಮ್ ಪ್ಯಾಂಟಿಗೆ," ಎಂದ ನಿಂಗಯ್ಯ ಕೆಳಗಿನಿಂದ. "ಬ್ರೇಕ್ ಸರಿ ಇಲ್ದಿದ್ರೆ ನಿಮಗೇ ಮೊದ್ಲು ಗೊತ್ತಾಗ್ಲಿ ಅಂತ."

ಶಿವನಂಜಪ್ಪನವರು ಕಣ್ಣು ಮುಚ್ಚಿಕೊಂಡರು. ಇನ್‌ಸ್ಪೆಕ್ಟರು ತಟ್ಟೆಯನ್ನು ನೋಡಿದರು, ಪ್ಯಾಂಟನ್ನು ನೋಡಿದರು, ಆಮೇಲೆ ಮನಸ್ಸಿಟ್ಟು ನಕ್ಕರು. "ಶರಿ, ಹೋಗಲಿ," ಎಂದರು ಭಾಸ್ಕರನ್‌ಗೆ. ಲಾರಿ ಇಳಿಜಾರಿನಲ್ಲಿ ವೇಗ ಹಿಡಿಯಿತು. ಕೆಳಗೆ ರಸ್ತೆಯ ಅಂಚಿನಲ್ಲಿ ಚೆಲುವರಾಜು ಮತ್ತು ವೆಳ್ಳಮುಂಡದ ಅರ್ಧ ಊರು ನಿಂತಿತ್ತು. ಬ್ರೇಕು ಬಿತ್ತು. ಲಾರಿ ನೇರವಾಗಿ, ತಲೆ ತಗ್ಗಿಸಿ ನಮಸ್ಕಾರ ಮಾಡುವಂತೆ ಮುಂದಕ್ಕೆ ಬಾಗಿ ನಿಂತಿತು. ನೀರು ತಟ್ಟೆಯ ಮುಂದಿನ ಅಂಚಿನವರೆಗೆ ಹೋಗಿ, ಯೋಚಿಸಿ, ಹಿಂದಕ್ಕೆ ಬಂತು. ಇನ್‌ಸ್ಪೆಕ್ಟರು ಇಳಿದಾಗ ಪ್ಯಾಂಟು ಹತ್ತಿದಾಗಿದ್ದಷ್ಟೇ ಬೆಳ್ಳಗಿತ್ತು. ಕ್ಯಾಬಿನಲ್ಲಿ ತಲೆಸ್ನಾನದ ಮನೆಯ ವಾಸನೆ ಯಾಕೆ ಬರುತ್ತಿದೆ ಎಂದು ಮಾತ್ರ ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಿಂಗಯ್ಯನಿಗೆ ಪನಮರಂ ರಸ್ತೆಯಲ್ಲಿ ಸ್ವಂತ ಷೆಡ್ಡೇ ಆಯಿತು. ಎಸ್ಟೇಟಿನವರು, ತಿರುವಿತಾಂಕೂರಿನ ಕಡೆಯವರು, ಮರದ ಡಿಪೋದವರು ಹರಾಜಿನಲ್ಲಿ ತಂದ ಹೆಸರಿಲ್ಲದ, ಮೂತಿಯಿಲ್ಲದ ಮಿಲಿಟರಿ ಲಾರಿಗಳನ್ನು ಅಲ್ಲಿಗೆ ತರುತ್ತಿದ್ದರು. ಅವನು ಎದೆ ಒತ್ತಿ ನಿಂತು, ಮೂಸಿ, ಸೌಟಿನಲ್ಲಿ ಕೆರೆದು, ಇದು ಇಂಥದ್ದು ಎನ್ನುತ್ತಿದ್ದ. ತಪ್ಪಿದ್ದೂ ಉಂಟು, ಒಮ್ಮೆ ಮಾರಿಸನ್ನು ಆಸ್ಟಿನ್ ಎಂದು ಸಾಧಿಸಿ, ತಪ್ಪೆಂದು ಗೊತ್ತಾದ ಮೇಲೆ, "ಇದು ಆಸ್ಟಿನ್ ಆಗ್ಬೇಕಿತ್ತು" ಎಂದು ಲಾರಿಯ ಮೇಲೇ ಹಾಕಿದ. ಸಣ್ಣಮ್ಮನಿಗೆ ದೊಡ್ಡ ಡಬ್ಬಿ ಹರಳೆಣ್ಣೆ ಬಂತು. ಅದರ ಬೀಗದ ಕೈ ಮಾತ್ರ ಅವಳ ಸೊಂಟದಲ್ಲೇ ಇರುತ್ತಿತ್ತು.

ಅದೆಲ್ಲ ಆಮೇಲಿನ ಮಾತು. ಇನ್‌ಸ್ಪೆಕ್ಟರು ಪಾಸು ಮಾಡಿದ ದಿನವೇ ಬೆಡ್‌ಫರ್ಡ್ ವೆಳ್ಳಮುಂಡಕ್ಕೆ ಹೊರಟಿತು. ಗದ್ದೆಯ ಕೆಸರಿನಲ್ಲಿ ನಾಲ್ಕೂ ಚಕ್ರದ ಗೇರು ಹಾಕಿದಾಗ ಅದು ಅತ್ತ ಸದ್ದಿಗೆ, ಕಾಡಿನಂಚಿನಲ್ಲಿ ಕಾದಿದ್ದ ಆನೆಗಳು ಯಾವ ಹೊಸ ಜಾತಿಯ ಪ್ರಾಣಿ ಬಂತೋ ಎಂದು ಮೆಲ್ಲಗೆ ಒಳಸರಿದವು. ಭತ್ತ ತುಂಬಿದರು. ಮಕ್ಕಳು ಚಕ್ರ ಮುಟ್ಟಿ ನೋಡಿದರು. ಎಣ್ಣೆಯಿಲ್ಲದ ತಲೆಯ ಹೆಂಗಸರು ಸೆರಗು ಹೊದ್ದು ಸಾಲಾಗಿ ನಿಂತಿದ್ದರು. ಅವರ ಮುಖದಲ್ಲಿ ಮಾಲೀಕರ ಗತ್ತಿತ್ತು.

ಇಷ್ಟು ಜನ ಸೇರಿದ ಮೇಲೆ ಶಿವನಂಜಪ್ಪನವರು ಸೀಟಿನಲ್ಲಿ ಸುಮ್ಮನೆ ಕೂರುವುದು ಸಾಧ್ಯವಿರಲಿಲ್ಲ. ರುಮಾಲು ಬಿಗಿಮಾಡಿಕೊಂಡು, ಎಡಗಡೆ ಸೀಟಿನ ಮೇಲೆ ನಿಂತು, ಮಾಡಿನ ತೂತಿನಿಂದ ಎದೆಯವರೆಗೆ ಹೊರಬಂದರು. ಪನಮರಂವರೆಗೆ ಹಾಗೇ ನಿಂತು, ದಾರಿಯಲ್ಲಿ ಕಂಡವರಿಗೆಲ್ಲ ಕೈ ಎತ್ತುತ್ತಾ ಹೋದರು. ಅವರ ಕಾಲುಗಳ ಪಕ್ಕ, ಇಂಜಿನ್ನಿನ ಮುಚ್ಚಳದ ಆ ಕರಿ ಬಳೆಯ ಮೇಲೆ, ನಿಂಗಯ್ಯನ ಪಾತ್ರೆಯಲ್ಲಿ ಎಲ್ಲರ ಊಟಕ್ಕೆ ಬೇಳೆ ಬೇಯುತ್ತಿತ್ತು.

ಪೇಟೆಯಲ್ಲಿ ಕೊನೆಯ ಮೂಟೆ ಇಳಿಯಿತು. ಚೆಲುವರಾಜು ಮೊದಲ ಸಲ ಶಿವನಂಜಪ್ಪನವರಿಗೆ ಕೈ ಮುಗಿದ. ಕೊಟ್ಟ ಮಾತು ಉಳಿದಿತ್ತು. ಆ ಸಂತೋಷದಲ್ಲಿ ಅವರು ತೂತಿನಿಂದಲೇ ಬಗ್ಗಿ, ಕೆಳಗೆ ಸೌಟು ಆಡಿಸುತ್ತಿದ್ದ ನಿಂಗಯ್ಯನನ್ನು ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತು ಕೇಳಿದರು.

"ನಿಂಗಯ್ಯ, ನೀನು ನೋಡಿರೋನು, ನಿಜ ಹೇಳು. ಜನರಲ್ ಸಾಹೇಬ ಇಲ್ಲಿ ನಿಂತಾಗ ನನ್ನ ಹಾಗೆ ನೆಟ್ಟಗೆ ನಿಲ್ತಿದ್ನಾ, ಇಲ್ಲಾ ಸ್ವಲ್ಪ ಮುಂದಕ್ಕೆ ಬಾಗಿರ್ತಿದ್ನಾ?"

ನಿಂಗಯ್ಯ ಪಾತ್ರೆಯ ಮುಚ್ಚಳ ತೆಗೆದ.

"ಅಲ್ಲಿ ಜನರಲ್ ಯಾವತ್ತೂ ನಿಂತಿಲ್ಲ ಸಾವ್ಕಾರ್ರೆ. ಇಮಾನ ಬತ್ತದಾ ನೋಡಾಕೆ ಬುಟ್ಟಿರೋ ತೂತು ಅದು, ಇಂಥ ಲಾರೀಗೆಲ್ಲ ಇರ್ತದೆ. ಈ ಲಾರೀಲಿ ಅಲ್ಲಿಂದ ಹೊರಗೆ ಹೋಯ್ತಿದ್ದುದು ಬೇಳೆ ಹಬೆ. ಇಳೀರಿ, ಹಬೆ ಹೋಗ್ಲಿ."